ಉಜ್ಜಿನಪ್ಪನ ಲಾರಿಯ ದೆವ್ವದ ಡಬ್ಬಿ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಉಜ್ಜಿನಪ್ಪನ ಮನೆ ಯಾವುದು ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ, ಲಾರಿ ತೋರಿಸುತ್ತಾರೆ. ಮೂತಿ ಉದ್ದದ, ಹಳೇ ಕಾಲದ ಲಾರಿ. ಅದು ನಿಂತಿದ್ದರೆ ಅದರ ಹಿಂದೆ ಮನೆ ಇದೆ. ಬಾಡಿಗೆಗೆ ಹೋಗಿದ್ದರೆ, ಎಣ್ಣೆ ಸುರಿದು ಕರ್ರಗಾದ ನೆಲದ ಹಿಂದೆ ಮನೆ ಇದೆ. ಎರಡೂ ಕಾಣದಿದ್ದರೆ ನೀವು ಬೇರೆ ಓಣಿಗೆ ಬಂದಿದ್ದೀರಿ ಎಂದರ್ಥ.

ಉಜ್ಜಿನಪ್ಪ ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಲಾರಿ ಹೊಡೆದು ಹಣ್ಣಾದ ಮನುಷ್ಯ. ಆ ಕಾಲದಲ್ಲಿ ಕೆಂಪು ಧೂಳು ಎಷ್ಟಿತ್ತೆಂದರೆ, ಅವನು ಸ್ನಾನ ಮಾಡಿದ ನೀರಿನಿಂದಲೇ ಹೆಂಡತಿ ಕೊಟ್ರಮ್ಮ ಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದಳಂತೆ. ತಲೆ ಬಾಚಿದರೆ ಬಾಚಣಿಗೆಯಿಂದ ಉದುರಿದ್ದನ್ನು ಗುಡಿಸಿ ಕಟ್ಟಿ ಹಡಗಿಗೆ ಕಳಿಸಿದರೆ ಚೀನಾದವರು ತಕರಾರಿಲ್ಲದೆ ತೆಗೆದುಕೊಳ್ಳುತ್ತಿದ್ದರಂತೆ. ಇದೆಲ್ಲ ಅವನೇ ಹೇಳಿದ್ದು. ಹೇಳಿ ಮುಗಿಸಿದ ಮೇಲೆ ಪ್ರತಿ ಸಲವೂ ಎದೆ ಮುಟ್ಟಿಕೊಂಡು, "ಸುಳ್ಳಾದ್ರ ನನ್ನ ಹೆಸರು ಬದಲಿಸ್ರಿ" ಅನ್ನುತ್ತಿದ್ದ. ಜನ ಆ ಮಾತು ನಡೆಸಿದ್ದರೆ ಅವನಿಗೆ ಇಷ್ಟೊತ್ತಿಗೆ ದೇವರಿಗಿಂತ ಹೆಚ್ಚು ಹೆಸರಾಗುತ್ತಿದ್ದವು.

ಗಣಿ ನಿಂತ ಮೇಲೆ ಅವನು ಟಿಪ್ಪರಿನ ತೊಟ್ಟಿ ಬಿಚ್ಚಿಸಿ ಹಲಗೆಯ ಬಾಡಿ ಕಟ್ಟಿಸಿದ. ಕಂಪ್ಲಿಯ ಗಿರಣಿಗಳ ಅಕ್ಕಿ, ಕಮಲಾಪುರದ ಬಾಳೆಗೊನೆ ಸಾಗಿಸಿಕೊಂಡು ಸಂಸಾರ ನಡೆಸಿದ. ಮೊಣಕಾಲು ಕೈಕೊಟ್ಟು ಕ್ಲಚ್ ತುಳಿಯಲು ಆಗದಂತಾದಾಗ ಸ್ಟಿಯರಿಂಗನ್ನು ಅಳಿಯ ಲಿಂಗರಾಜನಿಗೆ ಒಪ್ಪಿಸಿದ. ಲಿಂಗರಾಜ ಮೆತ್ತನೆಯ ಹುಡುಗ, ನಿಧಾನಸ್ಥ. ಮಗಳು ಚಂದ್ರಕಲಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಅವಳ ನಾಲಿಗೆ ಅವಳ ಕತ್ತರಿಗಿಂತ ಒಂದು ಕೈ ಮುಂದು.

ತಂಟೆ ಇದ್ದದ್ದು ಲಾರಿಯ ಹೊಟ್ಟೆಯಲ್ಲಿ. ಆಯುಧಪೂಜೆಗೆ ಮಿಕ್ಕವರು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು ಸುಮ್ಮನಾಗುತ್ತಾರೆ. ಉಜ್ಜಿನಪ್ಪ ಮತ್ತು ಅವನ ಗೆಳೆಯ, ತೀರಿಹೋದ ಅಂಜಿನಯ್ಯ ಮಿಸ್ತ್ರಿ ಬೇರೆಯೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಹಬ್ಬಕ್ಕೆ ಮನೆಯ ಹೆಂಗಸರಿಗೆ ಸೀರೆ ತಂದ ಹಾಗೆ ಗಾಡಿಗೂ ಏನಾದರೊಂದು ಹೊಸ ಸಾಮಾನು ಹಾಕಬೇಕು. ಹಾಕಿದ್ದಕ್ಕೆ ವಿಭೂತಿ, ಕುಂಕುಮ ಹಚ್ಚಬೇಕು. ಕುಂಕುಮ ಕಂಡದ್ದನ್ನು ಬಿಚ್ಚಬಾರದು. ಹಾಕುತ್ತಾ ಹೋದರು, ಬಿಚ್ಚಲಿಲ್ಲ. ವರ್ಷಗಳು ಕಳೆದು ಬಾನೆಟ್ಟಿನೊಳಗೆ ಗಾಳಿಗೂ ಜಾಗ ಇಲ್ಲದಾಯಿತು. ಲಾರಿ ಸಣ್ಣ ಏರಿಗೂ ಕುದಿಯತೊಡಗಿತು.

ಒಂದು ದಿನ ಕಂಪ್ಲಿ ರಸ್ತೆಯಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಯಾವುದೋ ಕಾಲದ ಹಾರ್ನಿನ ವೈರು ಸುಟ್ಟು ಬೆಂಕಿ ಹತ್ತಿತ್ತು. ಲಿಂಗರಾಜ ಕುಡಿಯುವ ನೀರು ಹೊಯ್ದ, ಸಾಲಲಿಲ್ಲ. ಬುತ್ತಿಯ ಮಜ್ಜಿಗೆಯನ್ನೂ ಹೊಯ್ದು ಆರಿಸಿದ. ರೆಪ್ಪೆ ಅರ್ಧ ಸುಟ್ಟುಕೊಂಡು ಮನೆಗೆ ಬಂದ. ಉಜ್ಜಿನಪ್ಪ ಅದನ್ನೂ ಓಣಿಯ ಹರಟೆಕಟ್ಟೆಯ ಮೇಲೆ ಕತೆ ಮಾಡಿದ. "ಮಜ್ಜಿಗಿ ಕುಡದ ಮ್ಯಾಲ ನಮ್ ಗಾಡಿ ಡೀಸೆಲ್ ಮುಟ್ಟವಲ್ದು. ಒಗ್ಗರಣಿ ಹಾಕ್ರಿ ಅಂತೈತಿ."

ಕಟ್ಟೆ ನಕ್ಕಿತು. ಮನೆಯಲ್ಲಿ ಚಂದ್ರಕಲಾ ನಗಲಿಲ್ಲ.

"ಅಪ್ಪಾ, ಆ ಇಂಜಿನ್ನಾಗಿನ ಕಸ ಎಲ್ಲ ಹೊರಗ ಬರ್ಬೇಕು. ಇಲ್ಲಾಂದ್ರ ನನ್ ಗಂಡ ಗಾಡಿ ಹತ್ತಂಗಿಲ್ಲ."

"ಕಸ ಅನಬ್ಯಾಡವಾ. ಕುಂಕುಮ ಹಚ್ಚಿದ್ ಸಾಮಾನು ಅವು."

"ಕುಂಕುಮ ನನ್ ಹಣೀ ಮ್ಯಾಲೂ ಐತಿ. ಯಾವ್ದು ಉಳೀಬೇಕು, ನೀನ ಹೇಳು."

ಕಟ್ಟೆಯಲ್ಲಿ ಯಾರಿಗೂ ಸೋಲದ ಉಜ್ಜಿನಪ್ಪ ಅಡುಗೆಮನೆಯ ಬಾಗಿಲಲ್ಲಿ ಸೋತ. ಕೊಟ್ರಮ್ಮ ರೊಟ್ಟಿ ತಟ್ಟುತ್ತಲೇ, "ಇಕಿ ಮಾತಿಗೂ ಒಂದ್ ಹಾರ್ನ್ ಹಾಕ್ಸಿದ್ರೇನು ಸಣ್ಣಾಕಿದ್ದಾಗ?" ಅಂದಳು.

ಹೀಗೆ ಲಾರಿ ಬಳ್ಳಾರಿ ರಸ್ತೆಯ ವಿಜಯಕುಮಾರನ ಗ್ಯಾರೇಜಿಗೆ ಬಂತು. ವಿಜಯಕುಮಾರ ಹೊಸ ಗಾಡಿಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್, ಮಾತಿಗೆ ಮಾತು ಕೊಡುವವನು. ಬಾನೆಟ್ ಎತ್ತಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದ.

"ಅಣ್ಣಾರ, ಇದ್ರಾಗ ಇಂಜಿನ್ ಎಲ್ಲೈತ್ರಿ?"

"ಹುಡುಕಪ್ಪ. ಮುಂಜಾನಿ ಇತ್ತು."

ಬಿಚ್ಚುವ ಕೆಲಸ ಶುರುವಾಯಿತು. ಉಜ್ಜಿನಪ್ಪ ಒಂದು ಕರಾರು ಹಾಕಿದ. ಬಿಚ್ಚಿದ್ದನ್ನು ಗುಜರಿಗೆ ಎಸೆಯಬಾರದು, ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿ ಗೋಣಿತಟ್ಟಿನ ಮೇಲೆ ಮಲಗಿಸಬೇಕು. ಹಾಗೇ ಆಯಿತು. ಮೊದಲು ಗಾಳಿ ಹಾರ್ನುಗಳು ಬಂದವು, ಹಿಂದೆಯೇ ಅವುಗಳ ಪಂಪು, ಕರುಳಿನ ಹಾಗೆ ಮುಗಿಯದ ಪೈಪು. ಕಮಲಾಪುರದ ತೋಟಗಳ ಪಕ್ಕ ಆ ಹಾರ್ನ್ ಹೊಡೆದರೆ ಗಿಡದಲ್ಲೇ ಬಾಳೆಕಾಯಿ ಹಣ್ಣಾಗುತ್ತಿತ್ತೆಂದೂ, ತೋಟದವರು ಬಂದು, ಅಣ್ಣಾ ಸಣ್ಣಗ ಹೊಡಿ, ಅರ್ಧ ಗೊನಿ ಸಾಕು ಅನ್ನುತ್ತಿದ್ದರೆಂದೂ ಉಜ್ಜಿನಪ್ಪ ಹೇಳಿದ. ಆಮೇಲೆ ಯಾರದೋ ಕಾರಿನಿಂದ ಕಿತ್ತು ಹಾಕಿದ ಏಸಿಯ ಯಂತ್ರ ಬಂತು. ಅದು ಒಂದು ದಿನವೂ ತಂಪು ಮಾಡಿರಲಿಲ್ಲ. ಚಹಾ ಕಾಯಿಸಲು ಸೈಲೆನ್ಸರ್ ಪೈಪಿಗೆ ಸುತ್ತಿದ್ದ ತಾಮ್ರದ ಸುರುಳಿ ಬಂತು. ಅದರ ಹಿಂದೆ, ಇಂಜಿನ್ ತಣ್ಣಗಿರಲಿ ಎಂದು ಹಾಕಿದ್ದ ಎರಡನೇ ಫ್ಯಾನು ಬಂತು. ವಿಜಯಕುಮಾರ ಅದನ್ನು ಬೆರಳಲ್ಲಿ ತಿರುಗಿಸಿ, ರೆಕ್ಕೆಯ ಓರೆ ನೋಡಿ ನಕ್ಕುಬಿಟ್ಟ.

"ಅಣ್ಣಾರ, ಇದು ಉಲ್ಟಾ ಐತ್ರಿ. ಮುಂದಿನ ಫ್ಯಾನು ಗಾಳಿ ಒಳಗ ಎಳೀತೈತಿ, ಇದು ಹೊರಗ ದಬ್ತೈತಿ. ಇಷ್ಟು ವರ್ಷ ಇವೆರಡೂ ಕುಸ್ತಿ ಹಿಡದಾವ."

ಸುತ್ತ ನಿಂತವರು ಕೇಕೆ ಹಾಕಿದರು. ಅಷ್ಟೊತ್ತಿಗೆ ಅಕ್ಕಪಕ್ಕದ ಗ್ಯಾರೇಜಿನವರು, ಚಹಾದ ಅಂಗಡಿಯವರು, ಟೈರಿನವರು, ಎಲ್ಲರೂ ಕೂಡಿದ್ದರು. ಉಜ್ಜಿನಪ್ಪನೂ ನಕ್ಕ. ಆದರೆ ಗೋಣಿತಟ್ಟಿನ ಮೇಲೆ ಸಾಲಾಗಿ ಮಲಗಿದ್ದ ಸಾಮಾನುಗಳ ಕಡೆ ಅವನ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು. ಒಂದೊಂದರ ಹಿಂದೆಯೂ ಅಂಜಿನಯ್ಯನ ಕೈ ಇತ್ತು. ಸೋಪು ಹಾಕಿ ತಿಕ್ಕಿದರೂ ಬೆರಳ ಗೆರೆಗಳಲ್ಲಿ ಗ್ರೀಸು ಉಳಿಯುತ್ತಿದ್ದ ಕೈ.

ಕೊನೆಗೆ ಮೂಲೆಯಲ್ಲಿ ತಗಡಿನ ಪಟ್ಟಿಯಿಂದ ಬಿಗಿದಿದ್ದ ಒಂದು ಹಳೇ ವನಸ್ಪತಿ ಡಬ್ಬಿ ಉಳಿಯಿತು. ಇಂಜಿನ್ನಿನ ನೆತ್ತಿಯಿಂದ ದಪ್ಪ ರಬ್ಬರ್ ಪೈಪೊಂದು ಬಂದು ಅದರೊಳಗೆ ಇಳಿದಿತ್ತು. ತಳದಲ್ಲಿ ಸಣ್ಣ ನಲ್ಲಿ. ಮೈ ತುಂಬ ಕುಂಕುಮ, ಜಿಡ್ಡು.

ವಿಜಯಕುಮಾರ ನಲ್ಲಿ ತಿರುಗಿಸಿದ. ಕರೀ ಎಣ್ಣೆ ತೊಟ್ಟಿಕ್ಕಿತು. ಅವನು ಈಗ ನಗುತ್ತಿರಲಿಲ್ಲ. "ಅಣ್ಣಾರ, ಇದು ಯಾಕ ಹಾಕೀರಿ? ಖರೆ ಹೇಳ್ರಿ."

ಆಗ ಉಜ್ಜಿನಪ್ಪ ಒಂದು ಕ್ಷಣ ನಿಂತು ನೆನಪು ಮಾಡಿಕೊಂಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಜನ ಕಾಯುತ್ತಿದ್ದರು. ಉಲ್ಟಾ ಫ್ಯಾನಿನ ನಗೆ ಇನ್ನೂ ಅವನ ಕಿವಿಯಲ್ಲಿತ್ತು. ಡಬ್ಬಿಯ ಕತೆಯಾದರೋ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ವರ್ಷದಿಂದ ಹೇಳಿ ಹೇಳಿ ನುಣುಪಾದ ಕತೆ.

"ಅದಾ? ಅದ್ರಾಗ ದೆವ್ವ ಐತಪ್ಪ. ಸಂಡೂರಿನ ಏರಿನ್ಯಾಗ ಲಾರಿ ಹಿಂದಕ್ಕ ಜಗ್ತಿತ್ತು ನೋಡು, ಅದ. ನಾನೂ ಅಂಜಿನಯ್ಯನೂ ಒಂದ್ ಅಮಾಸಿ ದಿನ ಅದಕ್ಕ ಮಂಡಕ್ಕಿ ಮೆಣಸಿನಕಾಯಿ ಆಸಿ ತೋರ್ಸಿ ಡಬ್ಬ್ಯಾಗ ಕೂಡಿ ಹಾಕಿದ್ವಿ. ಆ ಪೈಪ್ನ್ಯಾಗ ಅದಕ್ಕ ಉಸಿರು."

"ಮತ್ತ ಈ ಎಣ್ಣಿ?"

"ದೆವ್ವ ಆದ್ರ ಏನಾತು, ಅದಕ್ಕೂ ಉಚ್ಚಿ ಬರ್ತೈತಲ್ಲಪ್ಪ. ಸುಳ್ಳಾದ್ರ ನನ್ನ ಹೆಸರು ಬದಲಿಸ್ರಿ!"

ಗ್ಯಾರೇಜೇ ಅಲುಗಾಡುವ ಹಾಗೆ ನಕ್ಕರು. ವಿಜಯಕುಮಾರನೂ ಕಣ್ಣೊರೆಸಿಕೊಂಡು ನಕ್ಕ. ನಗುತ್ತಲೇ ಡಬ್ಬಿ ಬಿಚ್ಚಿದ. ಆ ರಬ್ಬರ್ ಪೈಪನ್ನು, ಹೊಸ ಲಾರಿಗಳಲ್ಲಿ ಇರುವ ಹಾಗೆ, ಇಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿಗೆ ಅಂದವಾಗಿ ಸೇರಿಸಿ ಬಿಗಿದ. ಬಾನೆಟ್ಟಿನೊಳಗೆ ಈಗ ಬೆಳಕು ಬೀಳುತ್ತಿತ್ತು. ಅಟ್ಟ ಗುಡಿಸಿದ ಮನೆಯ ಹಾಗೆ ಕಾಣುತ್ತಿತ್ತು. ಚಂದ್ರಕಲಾ ಬಂದು ಇಣುಕಿ ನೋಡಿ, "ಈಗ ಇದು ಇಂಜಿನ್" ಅಂದಳು.

ಮರುದಿನ ಲಿಂಗರಾಜ ಕಂಪ್ಲಿಯಲ್ಲಿ ಅಕ್ಕಿ ಚೀಲ ತುಂಬಿಕೊಂಡು ಸಂಡೂರಿಗೆ ಹೊರಟ. ಹೊಸಪೇಟೆ ದಾಟಿ, ಗುಡ್ಡ ಶುರುವಾಗುವ ಮೊದಲು ಚಹಾಕ್ಕೆ ನಿಂತವನು ಮಾವನಿಗೆ ಫೋನು ಮಾಡಿದ. ಉಜ್ಜಿನಪ್ಪ ಅಂಗಳದಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಮಾವ, ಗಾಡಿ ಮಸ್ತ್ ಆಗೈತ್ರಿ! ಕುದಿಯೋದ ಇಲ್ಲ. ಎಕ್ಸಿಲೇಟರ್ ಮ್ಯಾಲ ಕಾಲಿಟ್ರ ಸಾಕು, ಹಾರ್ತೈತಿ. ಒಮ್ಮೊಮ್ಮೆ ಕಾಲು ತೆಗದ್ರೂ ಹೋಗಾಕತ್ತಿರ್ತೈತಿ!"

"ಮಜ್ಜಿಗಿ ಮಹಿಮಾ, ಅಳಿಯಾರ" ಎಂದು ನಕ್ಕ ಉಜ್ಜಿನಪ್ಪನ ನಗೆ ಅರ್ಧದಲ್ಲಿ ನಿಂತಿತು. ಕಾಲು ತೆಗೆದರೂ ಹೋಗುತ್ತದೆ. ಈ ಮಾತು ಅವನು ಹಿಂದೆ ಕೇಳಿದ್ದ. ಎಲ್ಲಿ?

ಅಂಜಿನಯ್ಯನ ಶೆಡ್ಡಿನಲ್ಲಿ. ಅದಿರಿನ ಕಾಲ. ಏರು ಹತ್ತಲು ಬಲ ಸಾಲದೆಂದು ಹಳೇ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹಾಕಿಸಿದ ವರ್ಷ. ಡಬ್ಬಿಗೆ ನಲ್ಲಿ ಬೆಸುಗೆ ಹಾಕುತ್ತಾ ಅಂಜಿನಯ್ಯ ಹೇಳಿದ್ದ: "ಉಜ್ಜಿ, ಈ ಇಂಜಿನ್ ಸವದೈತಿ. ಇದರ ಉಸಿರಿನ್ಯಾಗ ಎಣ್ಣಿ ಬರ್ತೈತಿ. ಆ ಉಸಿರು ಈ ಡಬ್ಬ್ಯಾಗ ಬೀಳ್ಲಿ. ಗಾಳಿ ಪೈಪಿಗೆ ಹೋತಂದ್ರ ತನ್ನ ಎಣ್ಣಿ ತಾನ ಕುಡದು ಓಡ್ತೈತಿ. ಮೊದಲು ಕಾಲು ತೆಗದ್ರೂ ಹೋಗ್ತೈತಿ. ಆಮ್ಯಾಲ ಚಾವಿ ತೆಗದ್ರೂ ನಿಲ್ಲಂಗಿಲ್ಲ. ಒಡದು ಚೂರಾಗೋ ತನಕ ಓಡ್ತೈತಿ. ಹುಚ್ಚು ನಾಯಿ ಅದು." ಉಜ್ಜಿನಪ್ಪ ಅವತ್ತು ಅದನ್ನು ಕೇಳಿಸಿಕೊಂಡು, ಹುಚ್ಚು ನಾಯಿಗಿಂತ ದೆವ್ವ ಚಂದ ಎಂದುಕೊಂಡು ಸಂಜೆ ಕಟ್ಟೆಗೆ ಹೋಗಿದ್ದ. ಅಂದಿನಿಂದ ದೆವ್ವವೇ ಉಳಿಯಿತು. ಅಂಜಿನಯ್ಯನ ಮಾತು ದೆವ್ವದ ಕೆಳಗೆ ಹೂತುಹೋಯಿತು.

"ಅಳಿಯಾರ! ಗಾಡಿ ತೆಗೀಬ್ಯಾಡ್ರಿ. ಅಲ್ಲೇ ಇರ್ರಿ. ಏರು ಹತ್ತಬ್ಯಾಡ್ರಿ. ಅದು ಚಾವಿ ತೆಗದ್ರೂ ನಿಲ್ಲಂಗಿಲ್ಲ. ಡೀಸೆಲ್ ಇಲ್ಲದಂಗ ಓಡ್ತೈತಿ!"

ಆ ಕಡೆ ಲಿಂಗರಾಜ ನಕ್ಕ ಸದ್ದು. ಅವನು ಫೋನನ್ನು ಚಹಾದಂಗಡಿಯವರಿಗೆಲ್ಲ ಕೇಳುವ ಹಾಗೆ ಹಿಡಿದಿರಬೇಕು. "ಕೇಳ್ರಿಲ್ಲೆ, ನಮ್ಮಾವಂದು ಹೊಸಾದು. ಡೀಸೆಲ್ ಇಲ್ಲದಂಗ ಓಡೋ ಲಾರಿ!" ಯಾರೋ ಕೂಗಿದರು, "ಅಜ್ಜಾ, ನಂಗೊಂದು ಕೊಡ್ಸೋ!"

"ನಗಬ್ಯಾಡ್ರಿ, ಖರೆ ಹೇಳಾಕತ್ತೀನಿ! ಆ ಡಬ್ಬಿ..."

"ದೆವ್ವದ ಡಬ್ಬಿ ಗ್ಯಾರೇಜ್ನ್ಯಾಗೇ ಐತ್ರಿ ಮಾವ. ಹೊಂಟೆ, ಅಕ್ಕಿ ಅಂಗಡಿಯೋರು ಕಾಯಾಕತ್ತಾರ." ಫೋನು ಕಡಿಯಿತು.

ಮತ್ತೆ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಲಿಂಗರಾಜ ಗಾಡಿ ಓಡಿಸುವಾಗ ಫೋನು ಎತ್ತುವವನಲ್ಲ, ಹಾಗೆ ಕಲಿಸಿದ್ದು ಉಜ್ಜಿನಪ್ಪನೇ. ವಿಜಯಕುಮಾರನಿಗೆ ಹಚ್ಚಿದ. ಅಂಜಿನಯ್ಯನ ಮಾತು ಹೇಳಿದಾಗ ಅವನು ಮೊದಲು ನಕ್ಕ, ಆಮೇಲೆ ಕೊನೆತನಕ ಕೇಳಿಸಿಕೊಂಡ.

"ಅಣ್ಣಾರ, ನಾ ಕೇಳಿದ್ನಲ್ರಿ. ಖರೆ ಹೇಳ್ರಿ ಅಂತ ಕೇಳಿದ್ನಲ್ರಿ. ಆ ಎಣ್ಣಿ ನೋಡಿ ನನಗ ತಿಳೀಬೇಕಿತ್ತು." ಅವನ ದನಿ ಇಳಿದಿತ್ತು. "ಬೈಕ್ ತರ್ತೀನಿ. ಬಾಗಿಲಾಗ ನಿಂತಿರ್ರಿ."

ಚಂದ್ರಕಲಾ ಹೊಲಿಗೆಯಂತ್ರ ನಿಲ್ಲಿಸಿ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಅಪ್ಪಾ, ಇನ್ನೊಮ್ಮೆ ಹೇಳು. ನನಗ ಹೇಳು."

ಅವನು ಹೇಳಿದ. ಉಸಿರು, ಎಣ್ಣೆ, ಪೈಪು. "ಹಂಗೇನಾದ್ರೂ ಓಡಾಕತ್ತಿದ್ರ ಗಾಳಿ ಬಂದ್ ಮಾಡ್ಬೇಕು. ಗೋಣಿಚೀಲ ತುರುಕಿದ್ರ ಸಾಯ್ತೈತಿ." ಅಷ್ಟೇ. ಮುಂದೆ ಏನೂ ಸೇರಿಸಲಿಲ್ಲ. ಅವಳು ಅವನ ಬಾಯನ್ನೇ ನೋಡುತ್ತಾ ಕಾದಳು. ಕಟ್ಟೆಯ ಮೇಲಾಗಲಿ, ಮಲಗುವ ಹೊತ್ತಿನ ಕತೆಯಲ್ಲಾಗಲಿ, ಹುಟ್ಟಿದಾಗಿನಿಂದ ಕೇಳಿದ್ದ ಆ ಒಂದು ಮಾತು ಈಗ ಬರಬೇಕಿತ್ತು. ಬರಲಿಲ್ಲ. ಅವನ ಕೈ ಎದೆಯ ಕಡೆ ಹೋಗಲೇ ಇಲ್ಲ, ಎಣ್ಣೆ ಹತ್ತಿದ ಮೊಣಕಾಲ ಮೇಲೆಯೇ ಇತ್ತು.

ಅವಳು ಫೋನು ತೆಗೆದುಕೊಂಡಳು. ಎರಡು ಸಲ ಕಡಿಯಿತು. ಮೂರನೆಯ ಸಲ ಹೆಂಡತಿಯ ಹೆಸರು ಕಂಡಿದ್ದಕ್ಕೋ ಏನೋ, ಅವನು ಎತ್ತಿದ. ಗಾಳಿಯ ಸದ್ದು, ಇಂಜಿನ್ನಿನ ಸದ್ದು.

"ಕೇಳ್ರಿ. ಗಾಡಿ ಬಾಜೂಕ ನಿಲ್ಸ್ರಿ. ಅಪ್ಪ ಹೇಳಿದ್ದು ಕತಿ ಅಲ್ಲ."

"ನಿನಗೂ ಹೇಳಿದ್ನಾ? ಏ, ಮಾವ..."

"ಹೆಸರು ಬದಲಿಸ್ರಿ ಅನ್ನಲಿಲ್ಲ ಅವ. ಕೇಳಾಕತ್ತೀರಿಲ್ಲೊ? ಅನ್ನಲಿಲ್ಲ. ಅದು ನಿಲ್ಲಲಿಲ್ಲಾಂದ್ರ ಗಾಳಿ ಎಳಿಯೋ ಪೈಪಿನ ಬಾಯಿಗೆ ಗೋಣಿಚೀಲ..."

ಗುಡ್ಡದ ಸಂದಿ ಬಂದಿರಬೇಕು. ಫೋನಿನಲ್ಲಿ ಏನೂ ಇರಲಿಲ್ಲ. ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿರಲಿಲ್ಲ.

ವಿಜಯಕುಮಾರನ ಬೈಕಿನ ಹಿಂದೆ ಉಜ್ಜಿನಪ್ಪ ಮೊಣಕಾಲು ಮಡಚಲಾಗದೆ ಒಂದು ಕಾಲು ಚಾಚಿಕೊಂಡೇ ಕೂತ. ಈ ರಸ್ತೆಯ ಪ್ರತಿ ತಿರುವಿಗೂ ಉಜ್ಜಿನಪ್ಪನ ಹತ್ತಿರ ಒಂದು ಕತೆ ಇತ್ತು. ಇಲ್ಲಿ ಚಿರತೆಗೆ ಲಿಫ್ಟ್ ಕೊಟ್ಟಿದ್ದ. ಅಲ್ಲಿ ಬ್ರೇಕಿಲ್ಲದ ಟಿಪ್ಪರನ್ನು ಮೀಸೆ ಬಿಗಿಹಿಡಿದು ನಿಲ್ಲಿಸಿದ್ದ. ಇವತ್ತು ಆ ತಿರುವುಗಳಲ್ಲಿ ಕಂಡದ್ದು ಕಂದಕ ಮಾತ್ರ. ಇಷ್ಟು ಆಳ ಇತ್ತೇ ಇದು? ಅಂಜಿನಯ್ಯ ಇದ್ದಿದ್ದರೆ ಬಯ್ಯುತ್ತಿದ್ದ. ಬಯ್ಯುವುದಕ್ಕಾದರೂ ಇರಬೇಕಿತ್ತು.

ಏರು ಅರ್ಧ ಆದಾಗ ವಾಸನೆ ಬಂತು, ಸುಟ್ಟ ಎಣ್ಣೆಯ ವಾಸನೆ. ಮುಂದಿನ ತಿರುವಿನ ಮೇಲೆ ಬಿಳೀ ಹೊಗೆ ಮರಗಳ ತಲೆಯ ಮೇಲೆ ನಿಂತಿತ್ತು, ಹತ್ತಿ ಹಿಂಜಿ ಹರಡಿದ ಹಾಗೆ. ವಿಜಯಕುಮಾರ ಬೈಕಿನ ವೇಗ ಏರಿಸಿದ. ಉಜ್ಜಿನಪ್ಪ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಕಿವಿಯನ್ನು ಮುಚ್ಚಲಿಲ್ಲ. ಇಂಜಿನ್ನಿನ ಸದ್ದು ಕೇಳಬೇಕಿತ್ತು, ಕೇಳಿಸಲಿಲ್ಲ.

ಲಾರಿ ಕಂದಕದ ಕಡೆ ಇರಲಿಲ್ಲ. ಗುಡ್ಡದ ಮಣ್ಣಿಗೆ ಮೂತಿ ಊರಿ, ಮೇಯಲು ನಿಂತ ಎಮ್ಮೆಯ ಹಾಗೆ ನಿಂತಿತ್ತು. ಚಕ್ರಗಳಿಗೆ ಕಲ್ಲು. ಬಾನೆಟ್ ತೆರೆದಿತ್ತು. ಲಿಂಗರಾಜ ಮೋರಿಯ ಕಟ್ಟೆಯ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮುಖ ಮಸಿ. ಅಂಗೈಯ ಚರ್ಮ ಎದ್ದಿತ್ತು.

ಉಜ್ಜಿನಪ್ಪ ಬೈಕಿನಿಂದ ಇಳಿದ. ಅಳಿಯನ ಮುಂದೆ ಹೋಗಿ ನಿಂತ. ತಲೆ ಮುಟ್ಟಿದ, ಭುಜ ಮುಟ್ಟಿದ. ಆ ಕೈಯನ್ನು ಮೆಲ್ಲಗೆ ತಿರುಗಿಸಿ ನೋಡಿದ.

ಲಿಂಗರಾಜನೇ ಹೇಳಿದ, ತಡೆದು ತಡೆದು. "ಅಕಿ ಫೋನ್ ಕಡೀತು. ನಿಲ್ಸೋಣ ಅಂತ ಕಾಲು ತೆಗದೆ, ಅದು ನಿಲ್ಲಲಿಲ್ಲ. ಚಾವಿ ತೆಗದೆ. ಚಾವಿ ನನ್ ಕೈಯಾಗೈತಿ ಮಾವ, ಅದು ಒದರಾಕತ್ತೈತಿ. ಮಣ್ಣಿಗೆ ಗುದ್ದಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳದು ಇಳದೆ. ಇನ್ನೂ ಜೋರಾತು. ಒಡೀತೈತಿ ಅನ್ಸಿತ್ತು. ಚೀಲ ಅಂದಿದ್ಲಲ್ಲ... ಚೀಲ ಇಟ್ಟೆ, ಚೀಲದ ಜತಿಗೆ ಕೈನೂ ಎಳಕೊಂತು. ಬಿಡ್ಲಿಲ್ಲ ನಾನು. ಕೆಮ್ಮಿ ಕೆಮ್ಮಿ ಸತ್ತಿತು."

ತಲೆ ಎತ್ತಿ ಮಾವನನ್ನು ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ನಿಮ್ ಬಾಯಾಗ ಖರೇನೂ ಕತಿಯಂಗ ಕೇಳ್ತೈತ್ರಿ ಮಾವ. ನಾ ಏನ್ ಮಾಡ್ಲಿ?"

ಲಾರಿಯನ್ನು ಬೇರೊಂದು ಗಾಡಿಗೆ ಕಟ್ಟಿ ಎಳೆದು ತಂದರು. ಇಂಜಿನ್ ಬದುಕಿತು, ಟರ್ಬೊ ಬದುಕಲಿಲ್ಲ. ಲಿಂಗರಾಜನ ಕೈಗೆ ಪಟ್ಟಿ ಬಿತ್ತು. ಕಟ್ಟೆಯ ಜನ ಸುದ್ದಿ ಕೇಳಿ ಉಜ್ಜಿನಪ್ಪನನ್ನು ಕಾದರು. ಇಂಥ ಕತೆ ಅವನಿಗೆ ಜನ್ಮಕ್ಕೊಂದು ಸಿಗುತ್ತದೆ, ಏನೇನು ಸೇರಿಸುತ್ತಾನೋ ಎಂದು. ಅವನು ಕಟ್ಟೆಯ ಕಡೆ ಹೋಗಲಿಲ್ಲ. ಕೊಟ್ರಮ್ಮ ಎರಡು ಸಲ, "ಹೋಗಿ ಬರ್ರಿ, ಮನ್ಯಾಗ ನೀವು ಸುಮ್ನ ಕುಂತ್ರ ನನಗ ಹೆದರಿಕಿ ಆಗ್ತೈತಿ" ಅಂದಳು. ಆದರೂ ಹೋಗಲಿಲ್ಲ.

ಹೋದದ್ದು ಗ್ಯಾರೇಜಿಗೆ. ವಿಜಯಕುಮಾರ ಗೋಣಿತಟ್ಟಿನಿಂದ ಡಬ್ಬಿಯನ್ನು ಎತ್ತಿ, ತೊಳೆದು, ಮೊದಲಿನ ಜಾಗದಲ್ಲೇ ಬಿಗಿದಿದ್ದ. ಕುಂಕುಮ ಹಚ್ಚಲೇ ಎಂದು ಕೇಳಿದ. ಉಜ್ಜಿನಪ್ಪ ಬ್ಯಾಡ ಎಂದು ತಲೆ ಅಲ್ಲಾಡಿಸಿದ. ಚಂದ್ರಕಲಾ ಗಂಡನ ಜೊತೆ ಬಂದು ಒಂದು ಕಡೆ ನಿಂತಿದ್ದಳು.

"ಅಣ್ಣಾರ, ಇನ್ನ ನಾ ಕೇಳ್ತೀನಿ, ನೀವು ಹೇಳ್ರಿ. ಈ ವೈರ್?"

"ಹಿಂದಿನ ಲೈಟಿಂದು. ಬೇಕು."

"ಈ ಪಟ್ಟಿ?"

"ಹಾರ್ನ್ ಇಟ್ಟಿದ್ದು. ಬ್ಯಾಡ."

ಕತೆ ಇಲ್ಲದ ಉತ್ತರ ಎಷ್ಟು ಬೇಗ ಮುಗಿಯುತ್ತದೆ. ಟೈರಿನವರು, ಚಹಾದವರು ಮತ್ತೆ ಕೂಡಿದ್ದರು. ಬೇಸರ ಬಂದು ಒಬ್ಬೊಬ್ಬರೇ ಜಾರುವುದರಲ್ಲಿದ್ದರು. ಅಷ್ಟರಲ್ಲಿ ವಿಜಯಕುಮಾರ ಇಂಜಿನ್ನಿನ ಕೆಳಗೆ ಕೈ ಹಾಕಿ, ಕಡ್ಡಿಯಷ್ಟು ತೆಳ್ಳಗಿನ ತಾಮ್ರದ ಪೈಪೊಂದನ್ನು ಹಿಡಿದು, ಅದರ ತುದಿಯ ನಟ್ಟು ಬಿಚ್ಚಿದ. ಪೈಪಿನ ಇನ್ನೊಂದು ತುದಿ ಕತ್ತಲಲ್ಲಿ ಎಲ್ಲಿಗೋ ಹೋಗಿತ್ತು. "ಮತ್ತ ಇದು?"

ಉಜ್ಜಿನಪ್ಪ ನೋಡಿದ. ಅದರ ಕತೆ ಅವನಿಗೆ ಗೊತ್ತಿತ್ತು. ಕಂಪ್ಲಿ ಹೊಳೆಯ ಮೊಸಳೆ ಬರುತ್ತಿತ್ತು ಅದರಲ್ಲಿ, ಒಳ್ಳೆಯ ಕತೆ. ಜನ ನಿಂತರು. ಟೈರಿನವನು ಆಗಲೇ ನಗಲು ಬಾಯಿ ಸಿದ್ಧ ಮಾಡಿಕೊಂಡಿದ್ದ. ಪಟ್ಟಿ ಕಟ್ಟಿದ ಕೈಯನ್ನು ಎದೆಗಿಟ್ಟುಕೊಂಡ ಲಿಂಗರಾಜ ನೆಲ ನೋಡುತ್ತಿದ್ದ.

ಉಜ್ಜಿನಪ್ಪ ಟೈರಿನವನಿಂದ ಕಣ್ಣು ತೆಗೆದು ಅಳಿಯನ ಕೈ ನೋಡಿದ.

"ಗೊತ್ತಿಲ್ಲ."

"ಏನಂದ್ರಿ?"

"ಗೊತ್ತಿಲ್ಲಪ್ಪ. ಅಂಜಿನಯ್ಯ ಹಾಕಿದ್ದ. ಯಾಕ ಅಂತ ನಾ ಕೇಳಿದ್ನಾ ಇಲ್ಲಾ, ಅದೂ ನೆನಪಿಲ್ಲ."

ಯಾರೂ ನಗಲಿಲ್ಲ. ಚಂದ್ರಕಲಾ ಸೆರಗಿನಿಂದ ಮೂಗು ಒರೆಸಿಕೊಂಡು ರಸ್ತೆಯ ಕಡೆ ತಿರುಗಿದಳು. ವಿಜಯಕುಮಾರ ಸ್ಪ್ಯಾನರ್ ಕೆಳಗಿಟ್ಟ. "ಹಂಗಾರ ತೆಗಿಯೋದು ಬ್ಯಾಡ. ಮೊದಲು ಎಲ್ಲಿಗೆ ಹೋಗ್ತೈತಿ ನೋಡೋಣು. ನಾ ಈ ಕಡಿ ಊದ್ತೀನಿ. ನೀವು ಆ ಕಡಿ ಕೈ ಇಡ್ರಿ, ಗಾಳಿ ಎಲ್ಲಿ ಬಡೀತೈತಿ ಹೇಳ್ರಿ."

ಉಜ್ಜಿನಪ್ಪ ನೋಯುವ ಮೊಣಕಾಲನ್ನು ಊರಿ ಲಾರಿಯ ಅಡಿಗೆ ತೂರಿಕೊಂಡ. ಲಿಂಗರಾಜ ಒಳ್ಳೆಯ ಕೈಯಲ್ಲಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮೇಲಿನಿಂದ ವಿಜಯಕುಮಾರ ಊದುವ ಸದ್ದು ಬಂತು. ಮುದುಕ ಜಿಡ್ಡಿನ ಕಬ್ಬಿಣದ ಮೇಲೆ ಬೆರಳಾಡಿಸುತ್ತಾ, ಉಸಿರು ಹಿಡಿದು, ಎಲ್ಲಾದರೂ ಒಂದಿಷ್ಟು ಗಾಳಿ ತಾಗೀತೇ ಎಂದು ಹುಡುಕಿದ.

"ಬಂತೇನ್ರಿ ಮಾವ?"

"ಇಲ್ಲ. ಇನ್ನೂ ಇಲ್ಲ. ಇನ್ನೊಮ್ಮೆ ಊದು ಅನ್ರಿ."